ನಾರಿನ ಹಗ್ಗದ ಎರಡು ತುಂಡು

ಯುದ್ಧ ಶುರುವಾದ ಮೇಲೆ ಕಬ್ಬಿಣದ ಸಾಮಾನು ಸಿಗುವುದೇ ಕಷ್ಟವಾಯಿತು. ನಾನಾಗ ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಹಾಜರಿ ಗುಮಾಸ್ತನಾಗಿದ್ದೆ. ಅಲ್ಲಿ ಮಣ್ಣು ಕಲಸುವ ಯಂತ್ರಗಳು ಎರಡಿದ್ದವು, ಎರಡನ್ನೂ ಒಂದೇ ಇಂಜಿನ್ನು ಬೆಲ್ಟಿನಿಂದ ತಿರುಗಿಸುತ್ತಿತ್ತು. ಒಂದನ್ನು ನಿಲ್ಲಿಸಬೇಕಾದರೆ ಮರದ ಹಿಡಿಕೆಯನ್ನು ಪಕ್ಕಕ್ಕೆ ಎಳೆದು ಕಬ್ಬಿಣದ ಗೂಟ ಸಿಕ್ಕಿಸಬೇಕು. ಆಗ ಬೆಲ್ಟು ಬರಿದೇ ತಿರುಗುವ ಗಾಲಿಗೆ ಸರಿದು, ಇಂಜಿನ್ ಓಡುತ್ತಿದ್ದರೂ ಯಂತ್ರ ನಿಲ್ಲುತ್ತದೆ; ಹಿಡಿಕೆ ಬಿಟ್ಟರೆ ಮತ್ತೆ ತಿರುಗುತ್ತದೆ. ಎರಡೂ ಗೂಟ ಮುರಿದಿದ್ದವು. ಹೊಸದು ಬರುವವರೆಗೆ ಇರಲಿ ಎಂದು ನಾನೇ ತೆಂಗಿನ ನಾರಿನ ಹಗ್ಗವೊಂದನ್ನು ಎರಡು ತುಂಡು ಮಾಡಿ ಕೊಟ್ಟೆ. ಹಿಡಿಕೆಯನ್ನು ಅದರಿಂದ ಕಂಬಕ್ಕೆ ಕಟ್ಟುತ್ತಿದ್ದರು.

ಒಂದು ಬೆಳಿಗ್ಗೆ ಮೊದಲನೆಯ ಯಂತ್ರದ ಬಾಯಲ್ಲಿ ಕಲ್ಲು ಸಿಕ್ಕಿಕೊಂಡಿತು. ಇಂಜಿನ್ ಡ್ರೈವರು ಹಿಡಿಕೆ ಎಳೆದು ಕಟ್ಟಿದ. ಮಣ್ಣು ಹಾಕುವ ಆಳು ಕಲ್ಲು ತೆಗೆಯಲು ಕೈ ಇಳಿಸಿದ. ಹತ್ತು ಹೆಜ್ಜೆ ಆಚೆ ನಾನು ತಲೆ ತಗ್ಗಿಸಿ ಹಾಜರಿ ಬರೆಯುತ್ತಿದ್ದೆ. ಯಂತ್ರ ತಿರುಗಿದ ಸದ್ದು ಮೊದಲು ಕೇಳಿತು, ಕೂಗು ಆಮೇಲೆ. ತಲೆ ಎತ್ತಿದಾಗ ಡ್ರೈವರಿನ ಎರಡು ಕೈಯೂ ಹಿಡಿಕೆಯ ಮೇಲಿದ್ದವು. ಯಂತ್ರ ತಿರುಗಿದ ಮೇಲೆ ನಿಲ್ಲಿಸಲು ಹಿಡಿದನೋ, ಅವನೇ ಮೊದಲು ಹಗ್ಗ ಬಿಚ್ಚಿದನೋ, ನಾನು ನೋಡಿರಲಿಲ್ಲ.

ಆಳನ್ನು ಕೋಲಾರದ ಆಸ್ಪತ್ರೆಗೆ ಸಾಗಿಸಿದೆವು. ಮೂರು ಬೆರಳು ಹೋದವು.

ರಕ್ತ ಬಿದ್ದ ಯಂತ್ರವನ್ನು ತೊಳೆದು, ಕುಂಕುಮವಿಟ್ಟು, ಬೂದುಗುಂಬಳ ಒಡೆಯದೆ ನಮ್ಮಲ್ಲಿ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಕುಂಬಳಕಾಯಿ ತಂದವನು ನಾನು. ಹೆಂಗಸರು ಕೊಡ ಕೊಡ ನೀರು ಹೊಯ್ದರು. ಕಂಬದ ಬುಡದಲ್ಲಿ ರಕ್ತ ಹತ್ತಿದ ಹಗ್ಗ ಬಿದ್ದಿತ್ತು. ಮೈಲಿಗೆಯೆಂದು ಕೋಲಿನಿಂದ ಎತ್ತಿ ಹೆಂಚು ಸುಡುವ ಭಟ್ಟಿಯ ಬೆಂಕಿಗೆ ಹಾಕಿದೆ. ಅದು ಕಿತ್ತುಹೋಗಿತ್ತೋ, ಗಂಟು ಬಿಚ್ಚಿತ್ತೋ, ನೋಡಲಿಲ್ಲ.

ಸಂಜೆಯೊಳಗೆ ಡ್ರೈವರೇ ಹಗ್ಗ ಬಿಚ್ಚಿದನೆಂಬ ಮಾತು ಹುಟ್ಟಿತು. "ಲೇ, ಕಣ್ಣೆಲ್ಲಿಟ್ಟಿದ್ದೆ? ಅವನ ಕೈ ಒಳಗಿರುವಾಗ ಬಿಚ್ತೀಯೇನ್ಲಾ?" ಎಂದು ಭಟ್ಟಿಯವನು ಎಲ್ಲರ ಮುಂದೆ ಕೇಳಿದ. ಡ್ರೈವರು ನಂಗಲಿ ಕಡೆಯವನು, ಮನೆಮಾತು ತೆಲುಗು. ಸಿಟ್ಟು ಬಂದರೆ ತೆಲುಗಿನಲ್ಲೇ ಬೈಯುತ್ತಿದ್ದ. ಅಂದು ಬೈಯಲಿಲ್ಲ. ತಪ್ಪು ಅವನದೆಂದು ತೀರ್ಮಾನವಾದರೆ ಮುಂದೆ ಯಾವ ಇಂಜಿನ್ನಿನ ಹತ್ತಿರವೂ ಅವನನ್ನು ಸೇರಿಸುತ್ತಿರಲಿಲ್ಲ.

ಕಾರ್ಖಾನೆಗಳ ಇನ್‌ಸ್ಪೆಕ್ಟರು ಬೆಂಗಳೂರಿನಿಂದ ಬಂದದ್ದು ಇಪ್ಪತ್ತೊಂದನೆಯ ದಿನ. ಅದರ ಹಿಂದಿನ ಸಂಜೆ ಡ್ರೈವರು ನನ್ನ ಮೇಜಿನ ಬಳಿ ನಿಂತ.

"ಹಗ್ಗ ಕಿತ್ತೋಗಿತ್ತು ಅಂತ ಒಂದು ಮಾತು ಹೇಳಣ್ಣಾ. ನಿನ್ ಮಾತು ನಂಬ್ತಾರೆ."

"ನಾನು ನೋಡಿಲ್ಲ ಕಣಪ್ಪಾ."

"ನಾನ್ ನೋಡಿದೀನಲ್ಲಾ!"

ಆ ರಾತ್ರಿ ನಿದ್ದೆ ಬರಲಿಲ್ಲ.

ಇನ್‌ಸ್ಪೆಕ್ಟರು ನಡುವಯಸ್ಸಿನವರು, ಮೆಲುಮಾತಿನವರು. ಯಂತ್ರದ ಸುತ್ತ ಎರಡು ಸಲ ಬಂದರು. ಹೊಸ ಗೂಟ, ಒಣಗಿದ ಕುಂಕುಮ ಬಿಟ್ಟರೆ ನೋಡಲು ಏನೂ ಇರಲಿಲ್ಲ. ಹಗ್ಗ ಸುಟ್ಟವನು ನಾನೇ ಎಂದು ಹೇಳಿದೆ. ಅದರ ತುದಿ ನೋಡಲಿಲ್ಲವೆಂದೂ ಹೇಳಿದೆ. ಡ್ರೈವರು ಮುಖ ತಿರುಗಿಸಿದ.

"ಅವತ್ತೇ ಯಾರಾದ್ರೂ ಬಂದು ನೋಡ್ತಾರೆ ಅಂತ ಗೊತ್ತಿದ್ದಿದ್ರೆ ಸುಡ್ತಿದ್ರಾ?" ಎಂದು ಇನ್‌ಸ್ಪೆಕ್ಟರು ಕೇಳಿದರು.

"ಇಲ್ಲ ಸ್ವಾಮಿ. ಯಾರಾದ್ರೂ ಬರ್ತಾರೆ ಅಂತಾನೇ ಅಂದ್ಕೊಂಡಿರಲಿಲ್ಲ."

ಅವರು ಫೈಲು ಬಿಚ್ಚಿ, ಅಪಘಾತದ ಬಗ್ಗೆ ನಾವು ಕಳಿಸಿದ್ದ ಕಾಗದವನ್ನೇ ನನಗೆ ತೋರಿಸಿದರು. ತಾಲ್ಲೂಕಿನ ಅಮಲ್ದಾರರ ಕಚೇರಿಯ ಮೊಹರು, ಕೋಲಾರದ ಮೊಹರು, ಬೆಂಗಳೂರಿನ ಮೊಹರು. ಒಂದಕ್ಕೂ ಇನ್ನೊಂದಕ್ಕೂ ನಡುವೆ ದಿನಗಟ್ಟಲೆ ಅಂತರ. "ನನ್ನ ಮೇಜಿನ ಮೇಲೂ ನಾಲ್ಕು ದಿನ ಇತ್ತು," ಎಂದರು. ದೊಡ್ಡ ಅಧಿಕಾರಿಯೊಬ್ಬರು ಹಾಗೆ ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಅವರ ಆ ಮಾತಿನಿಂದ ಧೈರ್ಯ ಬಂತೋ ಏನೋ, ನನಗೆ ಇನ್ನೊಂದು ತುಂಡಿನ ನೆನಪಾಯಿತು. ಒಂದೇ ಹಗ್ಗ, ಒಂದೇ ದಿನ ಕತ್ತರಿಸಿದ್ದು. ಎರಡನೆಯ ಯಂತ್ರಕ್ಕೆ ಗೂಟ ಇನ್ನೂ ಬಂದಿರಲಿಲ್ಲ, ಹಗ್ಗ ಅಲ್ಲೇ ಇತ್ತು. ಅವರನ್ನು ಕರೆದುಕೊಂಡು ಹೋದೆ. ಕಂಬದ ಅಂಚು ತಾಗುವ ಜಾಗದಲ್ಲಿ ನಾರು ಸವೆದು ಎರಡೇ ಎಳೆ ಉಳಿದಿದ್ದವು. ಅವರು ಹಿಡಿಕೆ ಎಳೆಸಿ ಕಟ್ಟಿಸಿದರು, ಎಲ್ಲರನ್ನೂ ದೂರ ನಿಲ್ಲಿಸಿ ಇಂಜಿನ್ ಓಡಿಸಿದರು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಇಂಜಿನ್ನಿನ ಅದುರಾಟಕ್ಕೆ ಹಗ್ಗ ಕಿತ್ತು ಹಿಡಿಕೆ ತಾನಾಗಿ ಸರಿಯಿತು, ಯಂತ್ರ ತಿರುಗಿತು.

"ಇದು ಆ ಹಗ್ಗ ಅಲ್ಲ. ಆದರೆ ತಪ್ಪು ಇವನದು ಅಂತ ನಾನಿನ್ನು ಬರೆಯೋಕಾಗಲ್ಲ," ಎಂದರು.

ಡ್ರೈವರು ಅಲ್ಲೇ ಮಣ್ಣಿನ ಗುಡ್ಡೆಯ ಮೇಲೆ ಕುಳಿತುಬಿಟ್ಟ.

ಮುಂದಿನ ತಿಂಗಳು ಸರ್ಕಾರದ ಆರ್ಡರು ಬಂತು. ಅಪಘಾತವಾದ ಕೂಡಲೇ ರೈಲ್ವೆ ಸ್ಟೇಷನ್ನಿನಿಂದ ನೇರ ಬೆಂಗಳೂರಿಗೆ ತಂತಿ ಕೊಡಬೇಕು. ಅದೇ ದಿನ ಅಮಲ್ದಾರರ ಕಡೆಯವರು ಬಂದು ಮಹಜರು ಬರೆಯಬೇಕು. ಅಲ್ಲಿಯವರೆಗೆ ಏನನ್ನೂ ಮುಟ್ಟಬಾರದು. ಪೂಜೆ ಮಾಡಬೇಡಿ ಎಂದು ಅದರಲ್ಲಿ ಇರಲಿಲ್ಲ.

ಮರುವರ್ಷ ಒಬ್ಬನ ಕಾಲಿನ ಮೇಲೆ ಹೆಂಚಿನ ಅಚ್ಚು ಬಿತ್ತು. ತಂತಿ ಕೊಟ್ಟು ನಾನು ಸ್ಟೇಷನ್ನಿನಿಂದ ಓಡಿ ಬರುವಷ್ಟರಲ್ಲಿ ಹೆಂಗಸರು ಕೊಡ ಹಿಡಿದು ನಿಂತಿದ್ದರು. ಅವರೆದುರು ಡ್ರೈವರು ಎರಡೂ ಕೈ ಚಾಚಿದ್ದ.

"ತಡೀರಕ್ಕಾ, ನೋಡೋರು ಬರ್ಲಿ. ಕುಂಬಳಕಾಯಿ ಎಲ್ಲಿಗೂ ಓಡೋಗಲ್ಲ."