ಹಿಂದಿನ ಸೀಟಿನಲ್ಲಿ ನನ್ನ ವರ್ಣನೆ

ಮಂಗಳವಾರ, ಸಂಜೆ ಆರೂ ಹತ್ತು. ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಹೊರಟ ಬಸ್ಸಿನಲ್ಲಿ ನನ್ನ ಹಿಂದೆ ಕುಳಿತಿದ್ದವನು ಫೋನಿನಲ್ಲಿ ಮೆಲ್ಲಗೆ ಹೇಳುತ್ತಿದ್ದ: “ಅರ್ಲಿ ಟ್ವೆಂಟೀಸ್. ಗ್ರೀನ್ ಕುರ್ತಾ, ವೈಟ್ ದುಪಟ್ಟಾ. ಅಲೋನ್.”

ವಯಸ್ಸು, ಉಡುಪು ವರ್ಣಿಸುವ ಆ ಇಂಗ್ಲಿಷ್ ಪದಗಳನ್ನು ಅದೇ ವಾರ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಕಲಿತಿದ್ದೆ. ಇಪ್ಪತ್ತು ದಾಟಿದವಳು, ಹಸಿರು ಕುರ್ತಾ, ಬಿಳಿ ದುಪಟ್ಟಾ, ಒಬ್ಬಳೇ. ಬಸ್ಸಿನಲ್ಲಿ ಹಾಗಿದ್ದವಳು ನಾನು ಮಾತ್ರ.

ಮುಂದಿನ ಸ್ಟಾಪಿನಲ್ಲಿ ಅವನು ಇಳಿದುಹೋದ. ಹಾಗಾದರೆ ಫೋನಿನಲ್ಲಿ ಆ ವರ್ಣನೆ ಕೇಳಿಸಿಕೊಂಡವರು ಶಿಡ್ಲಘಟ್ಟದಲ್ಲಿ ಕಾಯುತ್ತಿರಬೇಕು! ಪಕ್ಕದಲ್ಲಿದ್ದ ಸೊಪ್ಪು ಮಾರುವ ಅಜ್ಜಿಗೆ ಅಳುತ್ತಲೇ ಎಲ್ಲ ಹೇಳಿದೆ. ಅವರು ತಮ್ಮ ಕಂದು ಶಾಲನ್ನು ನನ್ನ ತಲೆಯಿಂದ ಮೊಣಕಾಲಿನವರೆಗೆ ಹೊದಿಸಿದರು. “ಅಳ್ಬೇಡ ಕಣಮ್ಮ. ಈ ಖಾಲಿ ಬುಟ್ಟಿ ಹೊತ್ಕೊಂಡು ನನ್ ಹಿಂದೆ ಇಳಿ. ಕಾಲೇಜ್ ಹುಡ್ಗಿ ಅಂತ ಯಾವೋನೂ ಅನ್ನಲ್ಲ.”

ನಿಲ್ದಾಣದಲ್ಲಿ ಇಬ್ಬರು ನಿಂತಿದ್ದರು. ಇಳಿಯುವ ಹುಡುಗಿಯರ ಮುಖವನ್ನಲ್ಲ, ಬಟ್ಟೆಯನ್ನೇ ನೋಡುತ್ತಿದ್ದರು. ಅವರ ಕಣ್ಣು ಶಾಲಿನ ಮೇಲೆ ಹಾದು ಮುಂದೆ ಹೋಯಿತು. ಕರೆದುಕೊಂಡು ಹೋಗಲು ನನ್ನಣ್ಣ ಬರುವವರೆಗೂ ನಾನು ಅಜ್ಜಿಯ ಸೆರಗು ಬಿಡಲಿಲ್ಲ.

ಆ ಹಸಿರು ಕುರ್ತಾ ಮತ್ತೆ ತೊಟ್ಟಿಲ್ಲ. ಇಳಿದುಹೋದವನನ್ನು ಅದೇ ಪಾಠದ ಪದಗಳಲ್ಲಿ ಡೈರಿಯಲ್ಲಿ ಬರೆದಿಟ್ಟಿದ್ದೇನೆ: ಲೇಟ್ ಥರ್ಟೀಸ್, ಚೆಕ್ಸ್ ಶರ್ಟ್, ಬ್ಲ್ಯಾಕ್ ಕ್ಯಾಪ್. ಈ ದಾರಿಯ ಬಸ್ಸುಗಳಲ್ಲಿ ನಿಮ್ಮನ್ನೂ ಯಾರಾದರೂ ಹೀಗೆ ವರ್ಣಿಸಿದ್ದು ಕೇಳಿದ್ದರೆ ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ.