‘ಕಲ್ಲಾಗು’ ಅಂದ ಹುಡುಗಿಯರು

‘ನಿಮ್ಮುಡ್ಗಿ ನಂಗೆ ಮಂತ್ರ ಹಾಕವ್ಳೆ ಕಣಮ್ಮ.’

ಕಳೆದ ಭಾನುವಾರ ಕುದೂರಿನಲ್ಲಿ ನನ್ನ ತಂಗಿ ಶೈಲಾಳ ಮನೆಯ ಜಗಲಿಯಲ್ಲಿ ಕಾಫಿ ಲೋಟ ಹಿಡಿದು ಕೂತು ಒಬ್ಬ ಹಿರಿಯರು ಹೀಗಂದರು. ಬಿಳಿ ಪಂಚೆ, ಮೆತ್ತನೆ ಮಾತು. ಊರಲ್ಲಿ ಎಲ್ಲರೂ ಅವರನ್ನು ‘ಯಜಮಾನ್ರು’ ಅಂತಲೇ ಕರೆಯುವುದು. ದೂರು ಇದ್ದದ್ದು ಶೈಲಾಳ ಮಗಳು ಪೂರ್ವಿಯ ಮೇಲೆ. ಎಂಟನೇ ಕ್ಲಾಸು. ದಿನಾ ಬೆಳಗ್ಗೆ ಮಾಗಡಿಯ ಸ್ಕೂಲಿಗೆ ಬಸ್ಸಲ್ಲಿ ಹೋಗುತ್ತಾಳೆ. ಅದೇ ಬಸ್ಸಿನಲ್ಲಿ ಇವರೂ.

‘ನಾಕು ಹುಡ್ಗೀರು ಒಟ್ಗೇ ತಿರುಗಿ, ನನ್ ಕಡೆ ಕೈ ಚಾಚಿ, ಕಲ್ಲಾಗು ಅಂತ ಕಿರುಚ್ತಾರೆ. ಅವತ್ತಿಂದ ಎದೆ ಒಸಿ ಭಾರ ಆದಂಗೈತೆ. ಹೆಣ್ಮಕ್ಳಿಗೆ ಇವೆಲ್ಲ ಬೇಕಾ?’

(ರಾಮನಗರ ಜಿಲ್ಲೆಯಲ್ಲಿ ಕಲ್ಲಿಗೇನು ಕೊರತೆ, ಇನ್ನೊಂದು ಸೇರಲಿ ಅಂದುಕೊಂಡು ನಗು ತಡೆದೆ.)

ಶೈಲಾ ನಗಲಿಲ್ಲ. ನನ್ನನ್ನೇ ದುರುಗುಟ್ಟಿ ನೋಡಿದಳು. ಯಾಕೆಂದರೆ ಆ ಪುಸ್ತಕ ತಂದುಕೊಟ್ಟವಳು ನಾನು. ಮಾಯಾಶಕ್ತಿ ಇರುವ ನಾಲ್ವರು ಹುಡುಗಿಯರ ಕತೆ, ಇಂಗ್ಲಿಷ್ ಸೀರೀಸು. ಒಬ್ಬಳು ಗಾಳಿ ಎಬ್ಬಿಸುತ್ತಾಳೆ, ಇನ್ನೊಬ್ಬಳಿಗೆ ಗೋಡೆಯಾಚೆಯ ಮಾತು ಕೇಳಿಸುತ್ತದೆ. ಬರ್ತ್‌ಡೇಗೆ ಮೊದಲ ಭಾಗ ಕೊಟ್ಟಿದ್ದೆ. ಮಿಕ್ಕಿದ್ದನ್ನು ಪೂರ್ವಿ ಕಾಡಿಸಿ ತರಿಸಿಕೊಂಡಿದ್ದಳು. ಅದರೊಳಗಿನ ಮಂತ್ರವನ್ನು ಅವಳೂ ಅವಳ ಗೆಳತಿಯರೂ ಕನ್ನಡಕ್ಕೆ ಇಳಿಸಿಕೊಂಡಿದ್ದರು.

ಯಜಮಾನರು ಹೋದದ್ದೇ ತಡ, ಶೈಲಾ ಶುರು ಮಾಡಿದಳು. ‘ರೂಮಿನ ಬಾಗ್ಲು ಹಾಕೋತಾಳೆ ಅಕ್ಕ. ಕರೆದ್ರೆ ಬೆಚ್ಚಿ ಬೀಳ್ತಾಳೆ. ಫ್ರೆಂಡ್ಸ್ ಬಂದ್ರೆ ಬರೀ ಪಿಸಪಿಸ.’

ಅವಳ ಅತ್ತೆಯದು ಇನ್ನೂ ಜೋರು. ‘ಆ ಪುಸ್ತಕನ ಒಲೆಗಾಕು. ಕೆಂಗಲ್ ಆಂಜನೇಯನ ತಾವ ಕರ್ಕೊಂಡೋಗಿ ಒಂದು ದಾರ ಕಟ್ಟುಸ್ಕೊಂಡ್ ಬಾ.’

ನನಗೂ ಅನುಮಾನ ಹತ್ತಿತು. ಮಧ್ಯಾಹ್ನ ಪುಸ್ತಕಗಳನ್ನು ಮುಂದೆ ಎಳೆದುಕೊಂಡು ಪೊಲೀಸಿನವರ ಹಾಗೆ ತಪಾಸಣೆಗೆ ಕೂತೆ. ರಕ್ತ ಇದೆಯಾ? ಮಾಟ ಇದೆಯಾ? ಲವ್ವು ಗಿವ್ವು? ಸಿಕ್ಕಿದ್ದು ಇಷ್ಟೇ. ಕಾಡಿನ ಪಿಶಾಚಿ ಹತ್ತಿರ ಬಂದಾಗ ಒಬ್ಬಳೇ ಮಂತ್ರ ಹೇಳಿದರೆ ಫಲಿಸುವುದಿಲ್ಲ. ನಾಲ್ವರೂ ಒಟ್ಟಿಗೆ, ಗಟ್ಟಿಯಾಗಿ ಕೂಗಬೇಕು. ಆಗ ಅದು ಕಲ್ಲಾಗುತ್ತದೆ.

ಸರಿ. ಆದರೆ ಬಸ್ಸಿನ ಅಷ್ಟು ಜನರಲ್ಲಿ ಈ ಹುಡುಗಿಯರು ಯಜಮಾನರನ್ನೇ ಯಾಕೆ ಹುಡುಕಿಕೊಂಡರು?

ಪೂರ್ವಿಯನ್ನೇ ಕೇಳಿದೆ. ಉಗುರು ಕಚ್ಚುತ್ತಾ ನಿಂತಳು. ‘ನಾಳೆ ನಮ್ ಜೊತೆ ಬಸ್ಸಿಗೆ ಬಾ ದೊಡ್ಡಮ್ಮ’ ಅಂದಳು. ಅಷ್ಟೇ.

ಸೋಮವಾರ ಹತ್ತಿದೆ. ದುಪಟ್ಟಾ ತಲೆಗೆ ಹೊದ್ದು ಹಿಂದಿನ ಸೀಟಲ್ಲಿ ಕೂತೆ. ಯಜಮಾನರೂ ಹತ್ತಿದರು. ಮುಂದೆ ನಿಲ್ಲಲು ಜಾಗ ಇತ್ತು. ನಿಲ್ಲಲಿಲ್ಲ. ಸ್ಕೂಲ್ ಹುಡುಗಿಯರು ನಿಂತಿದ್ದ ಕಡೆಗೇ ನುಗ್ಗಿ ಬಂದು, ಅವರಲ್ಲಿ ತೀರಾ ಚಿಕ್ಕವಳೊಬ್ಬಳ ಹಿಂದೆ ನಿಂತರು. ಬ್ರೇಕ್ ಹಾಕಿದಾಗ ಅವಳ ಮೇಲೆ ವಾಲಿದರು. ಬ್ರೇಕ್ ಹಾಕದಿದ್ದಾಗಲೂ ವಾಲಿದರು. ಆಮೇಲೆ ಅವಳ ಬೆನ್ನ ಮೇಲೆ ಕೈ ಬಂತು. ಆ ಮಗು ಬ್ಯಾಗನ್ನು ಎದೆಗೆ ಅವುಚಿಕೊಂಡು ಉಸಿರು ಬಿಗಿಹಿಡಿದಿತ್ತು.

‘ಕಲ್ಲಾಗು!’

ಪೂರ್ವಿ ಮತ್ತವಳ ಗೆಳತಿಯರು, ನಾಲ್ಕು ಗಂಟಲು ಒಟ್ಟಿಗೆ. ಇಡೀ ಬಸ್ಸು ತಿರುಗಿ ನೋಡಿತು. ಕೈ ಸರ್ರನೆ ಹಿಂದಕ್ಕೆ ಹೋಯಿತು.

ನಾನು ಎದ್ದು ನಿಂತಿದ್ದೆ. ‘ಕಂಡಕ್ಟರೇ, ಈ ಮನುಷ್ಯನ್ನ ಇಳಿಸಿ!’

ಯಜಮಾನರು ನನ್ನ ಗುರುತು ಹಿಡಿದು ಮೆತ್ತಗೆ ನಕ್ಕರು. ‘ನೋಡುದ್ರಾ ಮೇಡಮ್ಮೋರೆ? ನಾ ಹೇಳ್ನಿಲ್ವಾ?’

‘ನಿಮ್ಮ ಕೈ ನೋಡ್ದೆ.’

ನಗು ನಿಂತಿತು. ಕಂಡಕ್ಟರ್ ತಲೆ ಕೆರೆದುಕೊಂಡ. ‘ವಯಸ್ಸಾದೋರು ಕಣಕ್ಕ...’

‘ಆ ಮಗೂಗೆ ವಯಸ್ಸಾಗಿಲ್ಲ.’

ಅವನು ವಿಷಲ್ ಊದಿದ. ಯಜಮಾನರು ಪಂಚೆ ಎತ್ತಿಕೊಂಡು ಇಳಿದರು. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು, ‘ನಂಗೆ ಮೊದ್ಲಿಂದ್ಲೂವೆ ಡೌಟಿತ್ತು.’ ಡೌಟಿತ್ತಂತೆ! ಬಾಯಿ ಇರಲಿಲ್ಲವಾ? (ಅವಳನ್ನೂ ಆಮೇಲೆ ಅನುಮಾನದಿಂದಲೇ ನೋಡಿದೆ.)

ಹೆಡ್‌ಮಿಸ್ಸಿಗೆ ಹೇಳಿದ್ದಾಯಿತು. ಆ ಮಗುವಿನ ತಂದೆಯ ಜೊತೆ ಠಾಣೆಗೆ ಹೋಗಿ ಕಂಪ್ಲೇಂಟ್ ಕೊಟ್ಟದ್ದೂ ಆಯಿತು. ಈಗ ಯಜಮಾನರ ಕಡೆಯವರು ‘ಅಯ್ಯೋ, ಮಕ್ಕಳ ಮಾತು’ ಅನ್ನುತ್ತಾ ತಿರುಗುತ್ತಿದ್ದಾರೆ. ನಾನು ಮಗುವಲ್ಲ. ಕಣ್ಣಾರೆ ನೋಡಿದ್ದೇನೆ.

ಸಂಜೆ ಶೈಲಾ ಮಗಳನ್ನು ತಬ್ಬಿಕೊಂಡು ಅತ್ತಳು. ‘ನಂಗ್ಯಾಕೆ ಹೇಳ್ನಿಲ್ಲ ಪುಟ್ಟಿ?’

‘ಹೇಳಿದ್ರೆ ಸ್ಕೂಲ್ ಬುಡಿಸ್ಬುಡ್ತಿದ್ರಿ.’

ಶೈಲಾಳ ಅತ್ತೆ ನೆಲ ನೋಡುತ್ತಾ, ‘ಹೂಂ ಕಣವ್ವ, ಬುಡಿಸ್ತಿದ್ವಿ’ ಅಂದರು.

ನಿಮ್ಮನ್ನೂ ಕೇಳುತ್ತೇನೆ. ನಾಳೆ ನಿಮ್ಮ ಮಗಳು ಬಾಯಿಬಿಟ್ಟು ಹೇಳಿದರೆ ನೀವು ಯಾರ ಓಡಾಟ ನಿಲ್ಲಿಸುತ್ತೀರಿ, ಅವನದಾ, ಅವಳದಾ?