ತೃಪ್ತಾ ಮಾತೆಯ ಪರಿಚಯದವರು

ಬೀಜಿ ಗುರು ನಾನಕರ ಕಥೆಯನ್ನು ನಾನಕರಿಂದ ಶುರುಮಾಡಿದ್ದನ್ನು ನಾನು ಕೇಳಿಯೇ ಇಲ್ಲ. ಶುರುವಾಗುತ್ತಿದ್ದುದು ನಾನಕರ ತಾಯಿ ತೃಪ್ತಾ ಮಾತೆಯಿಂದ. ಅದೂ ಆ ಹೊತ್ತಿಗೆ ಆಕೆ ಏನು ಮಾಡುತ್ತಿದ್ದಳು ಎನ್ನುವುದರಿಂದ. ಮೊಸರು ಕಡೆಯುತ್ತಿದ್ದಳು, ಎಮ್ಮೆಗೆ ಹಿಂಡಿ ಕಲಸುತ್ತಿದ್ದಳು. ಪಕ್ಕದ ಬೀದಿಯ ಪರಿಚಯದವರ ಸುದ್ದಿ ಹೇಳಿದ ಹಾಗೆ.

ತೊಂಬತ್ತರ ದಶಕದ ಕೊನೆಯಲ್ಲಿ ಗಂಡನ ಕೆಲಸಕ್ಕಾಗಿ ನಾವು ಪರದೇಶದ ಆಮ್ಸ್ಟೆಲ್‌ವೀನ್‌ನಲ್ಲಿದ್ದಾಗ ಅವರದು ನಮ್ಮ ಕೆಳಗಿನ ಮನೆ. ಬೀಜಿ ಎಂದರೆ ಪಂಜಾಬಿಯಲ್ಲಿ ಅಮ್ಮ. ಎಲ್ಲರೂ ಹಾಗೇ ಕರೆಯುತ್ತಿದ್ದರು. ಗಂಡ ಆಫೀಸಿಗೆ, ಮಗಳು ಶಾಲೆಗೆ ಹೋದ ಮೇಲೆ ನಾನು ಸೊಪ್ಪಿನ ಕಟ್ಟು ಹಿಡಿದು ಅವರ ಅಡುಗೆಮನೆಗೆ ಇಳಿಯುತ್ತಿದ್ದೆ. ನನ್ನದು ಮೈಸೂರಿನ ಹಿಂದಿ, ಅವರದು ಅರ್ಧ ಪಂಜಾಬಿ. ತಿಳಿಯದ್ದಕ್ಕೆ ಕೈಸನ್ನೆ ಇತ್ತು. ನಾನಕರ ತಂದೆ ಕಾಲೂ ಊರಿನ ಪಟವಾರಿ ಎಂದಾಗ, ಅಂದರೆ ನಮ್ಮ ಕಡೆ ಶಾನುಭೋಗರು, ನನ್ನ ತಾತನೂ ಅದೇ ಎಂದೆ. ಅಲ್ಲಿಂದ ನನ್ನ ಪ್ರಶ್ನೆಗಳಿಗೆ ಕೊನೆಯಿಲ್ಲ. ಅಕ್ಕ ನಾನಕಿ ತಮ್ಮನ ಪರ ವಹಿಸುತ್ತಿದ್ದಳೆ? ಅಪ್ಪ ವ್ಯಾಪಾರಕ್ಕೆಂದು ಕೊಟ್ಟ ಹಣದಲ್ಲಿ ಮಗ ಹಸಿದ ಸಾಧುಗಳಿಗೆ ಊಟ ಹಾಕಿಸಿ ಬಂದಾಗ ಕಾಲೂ ಕೆನ್ನೆಗೆ ಹೊಡೆದದ್ದು ನಿಜವೆ?

“ಹೊಡೆದರು. ಎಲ್ಲರೂ ಅದನ್ನೇ ಹೇಳ್ತಾರೆ,” ಎಂದರು ಬೀಜಿ. “ಆಮೇಲೆ ಕಾಲೂ ಅವರು ಊಟ ಮಾಡಿದ್ರಾ ಅಂತ ಯಾರೂ ಕೇಳಲ್ಲ, ಪುತ್ತರ್.”

ಆಗ ಒಳಕೋಣೆಯಲ್ಲಿ ಅವರ ಗಂಡ ಸರ್ದಾರ್‌ಜಿ ಕೂತಿದ್ದರು. ಒಬ್ಬನೇ ಮಗ ಜಸ್ಸಿ, ಸಿಖ್ಖರು ಕತ್ತರಿಸಬಾರದ ಕೂದಲನ್ನು ಕತ್ತರಿಸಿಕೊಂಡು ಬಂದ ದಿನ, ಇನ್ನು ಈ ಮನೆಗೆ ಬರಬೇಡ ಎಂದುಬಿಟ್ಟಿದ್ದವರು ಅವರು. ಎರಡು ವರ್ಷದಿಂದ ಅವನ ಹೆಸರು ಎತ್ತುವಂತಿರಲಿಲ್ಲ. ಎಲ್ಲಿದ್ದಾನೆಂದು ಬೀಜಿಗೂ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಜಸ್ಸಿಯ ಗೆಳೆಯ ಬಲ್ಬೀರ್ ಬಂದ. ಬೀಜಿಯ ಮಂಡಿನೋವು ವಿಚಾರಿಸಿದ, ಚಹಾ ಅರ್ಧ ಕುಡಿದ, ಪರಾಠ ಬೇಡವೆಂದು ಎದ್ದ. ಅವನು ಹೊಸಿಲು ದಾಟಿದ್ದೇ ತಡ, ಬೀಜಿ ಒಲೆ ಆರಿಸಿದರು. ಗೋಧಿಹಿಟ್ಟಿನ ಸಿಹಿ ಉಂಡೆಗಳನ್ನು ಡಬ್ಬಿಗೆ ತುಂಬಿ, ಬೀರುವಿನಿಂದ ಒಂದು ಸ್ವೆಟರ್ ಎಳೆದು, ನಡಿ, ನಿನ್ನ ಟ್ರಾಮ್ ಟಿಕೆಟ್ ತಗೋ ಎಂದರು ನನಗೆ.

ಮೆಟ್ಟಿಲಿಳಿಯುತ್ತಲೇ ಕಥೆ. ವರ್ಷಗಟ್ಟಲೆ ದೇಶ ಸುತ್ತಿ ಬಂದ ನಾನಕರು ಊರ ಹೊರಗೇ ಕೂತು, ಜೊತೆಗಾರ ಮರ್ದಾನನನ್ನು ಮಾತ್ರ ಒಳಗೆ ಕಳಿಸಿದರಂತೆ, ನನ್ನ ಹೆಸರು ಎತ್ತಬೇಡವೆಂದು. ಅವನು ತೃಪ್ತಾ ಮಾತೆಯ ಹತ್ತಿರ ತುಸು ಹೊತ್ತು ಕೂತು ಎದ್ದನಂತೆ.

“ಆ ತಾಯಿ ಏನೂ ಕೇಳಲಿಲ್ಲ. ಇಷ್ಟು ಬೇಗ ಎದ್ದನಲ್ಲ, ಯಾರೋ ಕಾಯ್ತಿದಾರೆ ಅಂದ್ಕೊಂಡು, ಬಟ್ಟೆ ಮಿಠಾಯಿ ತಗೊಂಡು ಹಿಂದೇನೇ ಹೊರಟಳು.”

ಸ್ಟಾಪಿನಲ್ಲಿ ನಮ್ಮನ್ನು ಕಂಡು ಬಲ್ಬೀರ್ ಬಿಳಿಚಿಕೊಂಡ. ಬೀಜಿ ಅವನ ಪಕ್ಕ ಕೂತು ಚಳಿಯ ಮಾತಾಡಿದರು. ಟ್ರಾಮು, ರೈಲು, ಮತ್ತೆ ಟ್ರಾಮು. ಎಲ್ಲಿಗೆಂದು ಅವನು ಹೇಳಲಿಲ್ಲ, ಇವರು ಕೇಳಲಿಲ್ಲ. ಅವನು ಇಳಿದಲ್ಲಿ ನಾವೂ ಇಳಿದೆವು. ಕೊನೆಗೆ ನ್ಯೂವೆಗೈನ್ ಎಂಬ ಊರಿನ ಒಂದು ಗೋದಾಮಿನ ಮುಂದೆ ನಿಂತು, “ಬೀಜಿ, ಅವನು ನನ್ನನ್ನ ಬಯ್ತಾನೆ,” ಎಂದು ಗೊಣಗಿ ಒಳಗೆ ಹೋದ.

ಜಸ್ಸಿ ನೀಲಿ ಕೆಲಸದಂಗಿಯಲ್ಲೇ ಹೊರಬಂದ. ಬೀಜಿ ಅವನ ಗಿಡ್ಡ ಕೂದಲಿನ ಮೇಲೆ ಕೈಯಾಡಿಸಿದರು. ನಿಂತಲ್ಲೇ ಎರಡು ಉಂಡೆ ತಿನ್ನಿಸಿದರು. ಮನೆಗೆ ಬಾ ಎಂದರು. ಪಾಪಾಜಿ ಕರೆದರೆ ಬರ್ತೀನಿ ಎಂದು ಅವನು ಸ್ವೆಟರ್ ಹಿಡಿದು ಒಳಗೆ ಹೋದ.

ವಾಪಸು ರೈಲಿನಲ್ಲಿ ನನಗೆ ತಡೆಯಲಾಗಲಿಲ್ಲ. ನಾನಕರು ತಾಯಿಯ ಜೊತೆ ಮನೆಗೆ ಹೋದರಾ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು.

“ಮತ್ತೆ ಆಕೆ ಒಬ್ಬಳೇ ವಾಪಸು ಹೋಗಿ ಏನು ಮಾಡಿದಳು?”

“ಅದನ್ನ ನನಗೆ ಯಾರೂ ಹೇಳಿಲ್ಲ.” ಕಿಟಕಿಯಾಚೆ ನೋಡುತ್ತಾ ಇದ್ದರು. “ನಾನಾಗಿದ್ರೆ, ಎಲ್ಲಿಗೆ ಹೋಗಿದ್ದೆ ಅಂತ ಕಾಲೂ ಅವರಿಗೆ ಹೇಳ್ತಿದ್ದೆ.”

ಆ ರಾತ್ರಿ ಬೀಜಿ ಸರ್ದಾರ್‌ಜಿಗೆ ಹೇಳಿದರೋ ಇಲ್ಲವೋ, ನಾನು ಕೇಳಲಿಲ್ಲ. ನನ್ನ ಬಾಯಿಗೂ ಒಂದು ಮಿತಿ ಇತ್ತು. ಎರಡು ತಿಂಗಳಿಗೆ ಅಲ್ಲಿರಲು ನಮಗಿದ್ದ ಪರ್ಮಿಟ್ ಮುಗಿಯಿತು. ನಾವು ಹೊರಟ ಬೆಳಿಗ್ಗೆ ಟ್ಯಾಕ್ಸಿ ಸಿಗ್ನಲ್ಲಿನಲ್ಲಿ ನಿಂತಾಗ ಎದುರಿನ ಟ್ರಾಮ್ ಸ್ಟಾಪಿನಲ್ಲಿ ಅದೇ ಉಂಡೆಯ ಡಬ್ಬಿ ಹಿಡಿದ ಬೀಜಿ ಕಂಡರು. ನಾಲ್ಕು ಹೆಜ್ಜೆ ದೂರದಲ್ಲಿ, ಬೇರೆಲ್ಲಿಗೋ ಹೊರಟವರ ಹಾಗೆ ಬೆನ್ನು ತಿರುಗಿಸಿಕೊಂಡು ಸರ್ದಾರ್‌ಜಿ. ಟ್ರಾಮ್ ಬಂತು. ಮೊದಲು ಹತ್ತಿದವರು ಸರ್ದಾರ್‌ಜಿ.